ಇನ್ನೂ ಮೇಲಿನ ನೀರು: ಹರ್ ಕಿ ದೂನ್ ಕಣಿವೆಯಲ್ಲಿ ಆರು ದಿನ

ಉತ್ತರಾಖಂಡದ ಹಿಮಾಲಯದಲ್ಲಿರುವ ಹರ್ ಕಿ ದೂನ್ ಕಣಿವೆಗೆ ಹೊರಡುವ ಹಿಂದಿನ ರಾತ್ರಿ ಅಮ್ಮ ಅಡುಗೆಮನೆಯಿಂದ ಒಂದು ಸ್ಟೀಲ್ ಬಾಟಲಿ ತಂದು ನನ್ನ ಚೀಲದ ಪಕ್ಕ ಇಟ್ಟರು. "ಬರುವಾಗ ಅಲ್ಲಿನ ಹೊಳೆಯ ನೀರು ತುಂಬಿಕೊಂಡು ಬಾ" ಎಂದರು. ಗಂಗಾಜಲ ಬೇಕಿದ್ದರೆ ಇಲ್ಲೇ ಅಂಗಡಿಯಲ್ಲಿ ಸಿಗುತ್ತದಲ್ಲ ಎಂದೆ. "ಪೂಜೆಗಲ್ಲ, ಕುಡಿಯುವುದಕ್ಕೆ" ಎಂದರು.

ಅಮ್ಮ ಬೆಳೆದದ್ದು ಕೆಂಗೇರಿಯ ಬಳಿ, ವೃಷಭಾವತಿಯ ದಡದ ಒಂದು ಹಳ್ಳಿಯಲ್ಲಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆ ಎಂದು ಜನ ನಂಬುವ ಆ ಹೊಳೆ ಮೈಸೂರು ರಸ್ತೆಗೆ ಜೊತೆಯಾಗಿ ಹರಿದು ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅಮ್ಮ ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಅದರ ಮರಳಿನಲ್ಲಿ ಮೊಣಕೈ ಆಳದ ಚಿಲುಮೆ ತೋಡಿ, ಕದಡಿದ ನೀರು ತಿಳಿಯಾಗುವವರೆಗೆ ಕಾದು, ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಸುತ್ತಿದ್ದರಂತೆ. ನಾನು ಬುದ್ಧಿ ಬಂದಾಗಿನಿಂದ ಕಂಡದ್ದು ನೊರೆ ಹೊತ್ತ ಕಪ್ಪು ನೀರನ್ನು ಮಾತ್ರ. ನಮ್ಮ ಬೀದಿಯಲ್ಲಿ ಅದನ್ನು ಹೊಳೆ ಎಂದು ಕರೆಯುವವರು ಅಮ್ಮ ಒಬ್ಬರೇ. ಉಳಿದವರಿಗೆಲ್ಲ ಅದು ಮೋರಿ. ಅಮ್ಮನಿಗೀಗ 78 ವರ್ಷ. ಬಾಟಲಿಯನ್ನು ನಾನು ಚೀಲದ ತಳದಲ್ಲಿ ಉಣ್ಣೆಯ ಟೋಪಿಯೊಳಗೆ ಸುತ್ತಿಟ್ಟೆ.

ಮೊದಲ ದಿನ: ಡೆಹ್ರಾಡೂನ್‌ನಿಂದ ಸಾಂಕ್ರಿ

ಅಕ್ಟೋಬರ್ ಮೊದಲ ವಾರ, ದಸರೆಯ ರಜೆ. ನಾನು, ಕಾಲೇಜು ಓದುವ ಮಗಳು, ಬ್ಯಾಂಕಿನಿಂದ ನಿವೃತ್ತನಾದ ಅಣ್ಣ. ವಿಮಾನದಲ್ಲಿ ಡೆಹ್ರಾಡೂನ್ ತಲುಪಿ ರಾತ್ರಿ ಅಲ್ಲೇ ಉಳಿದೆವು. ಮಾರನೆಯ ಬೆಳಿಗ್ಗೆ ಗೊತ್ತುಮಾಡಿದ್ದ ಗಾಡಿ ಒಂದೂವರೆ ಗಂಟೆ ತಡವಾಗಿ ಬಂತು. ಸಾಂಕ್ರಿಗೆ ಸುಮಾರು 200 ಕಿಲೋಮೀಟರ್ ಅಷ್ಟೇ. ಆದರೆ ಬೆಟ್ಟದ ದಾರಿಯಾದ್ದರಿಂದ ಹತ್ತು ಗಂಟೆ ಹಿಡಿಯುತ್ತದೆ. ಬೆಳಕಿರುವಾಗಲೇ ತಲುಪಬೇಕೆಂದರೆ ಆರು ಗಂಟೆಗೆಲ್ಲ ಹೊರಡಬೇಕು.

ಮಸ್ಸೂರಿ ದಾಟಿ ಇಳಿದರೆ ಯಮುನೆ. ಅಲ್ಲಿಂದ ನೌಗಾಂವ್, ನಂತರ ಪುರೋಲಾ. ಪುರೋಲಾ ಬಂದಾಗ ಮೂವರೂ ಮಾತು ನಿಲ್ಲಿಸಿ ಹೊರಗೆ ನೋಡಿದೆವು. ಬೆಟ್ಟಗಳ ನಡುವೆ ಅಷ್ಟು ವಿಶಾಲವಾದ ಗದ್ದೆಬಯಲನ್ನು ನಾವು ನಿರೀಕ್ಷಿಸಿರಲಿಲ್ಲ. ಅದು ಕೆಂಪಕ್ಕಿಯ ಸೀಮೆ. ಕೊಯ್ಲಿನ ಕಾಲ. ಕೊಯ್ದ ಪೈರು ಅರ್ಧ ಗದ್ದೆಯಲ್ಲಿ ಮಲಗಿತ್ತು, ಇನ್ನರ್ಧ ನಿಂತಿತ್ತು. ಊಟದ ಹೋಟೆಲಿನಲ್ಲಿ ಕೆಂಪಕ್ಕಿ ಅನ್ನ ಕೇಳಿದೆವು, ಸಿಕ್ಕಿತು. ರಾಜ್ಮಾ ಜೊತೆ ಕಲಸಿದಾಗ ಅಣ್ಣ ಹೇಳಿದ, "ಇದು ನಮ್ಮ ಅಜ್ಜಿಮನೆಯ ಅಕ್ಕಿಯ ವಾಸನೆ." ನಗದು ಹಣವನ್ನೂ ಅಲ್ಲೇ ತೆಗೆದುಕೊಂಡೆವು. ಮೇಲೆ ಹೋದಂತೆ ಎಟಿಎಂ ನಂಬಿಕೊಂಡು ನಡೆಯುವಂತಿಲ್ಲ.

ಪುರೋಲಾದಿಂದ ರಸ್ತೆ ಜರ್ಮೋಲಾ ಕಡೆಗೆ ಏರುತ್ತದೆ. ಪೈನ್ ಕಾಡು ಶುರುವಾಗುವುದು ಇಲ್ಲಿ. ಇಂಜಿನ್ ಕಾದಿತೆಂದು ಚಾಲಕ ಗಾಡಿ ನಿಲ್ಲಿಸಿದ ಅರ್ಧ ಗಂಟೆ ಈ ಇಡೀ ಪ್ರವಾಸದಲ್ಲಿ ನನಗೆ ತುಂಬ ಇಷ್ಟವಾದ ಹೊತ್ತುಗಳಲ್ಲಿ ಒಂದು. ಮರಗಳ ತುದಿಯಲ್ಲಿ ಗಾಳಿ ಹಾಯುವ ಸದ್ದು ದೂರದ ತೆಂಗಿನ ತೋಟದ ಮೇಲೆ ಮಳೆ ಬರುತ್ತಿರುವಂತೆ ಕೇಳುತ್ತಿತ್ತು, ಮಳೆ ಮಾತ್ರ ಬರಲಿಲ್ಲ. ಚಾಲಕ ಒಂದು ರೆಂಬೆ ಮುರಿದು ಮಗಳ ಕೈಗಿತ್ತು, "ಎಣಿಸು" ಎಂದ. ಒಂದೊಂದು ಗೊಂಚಲಿನಲ್ಲಿ ಮೂರು ಸೂಜಿ ಎಲೆ. "ಮೂರಿದ್ದರೆ ಚೀಡ್. ಮೇಲೆ ಹೋದಂತೆ ಐದಿರುವ ಮರ ಸಿಗುತ್ತದೆ, ಅದು ಕೈಲ್. ದೇವದಾರುವನ್ನು ಎಣಿಸುವುದೇ ಬೇಡ, ನೋಡಿದರೆ ಗೊತ್ತಾಗುತ್ತದೆ." ಕಾಂಡಗಳ ಮೇಲೆ ಕತ್ತಿಯ ಗೀರು, ಗೀರಿನ ಕೆಳಗೆ ರಾಳ ಹಿಡಿಯಲು ಕಟ್ಟಿದ ಬಟ್ಟಲು. ಅವರು ರಾಳಕ್ಕೆ ಲೀಸಾ ಎನ್ನುತ್ತಾರೆ. ಉದುರಿದ ಸೂಜಿಗಳ ಹಾಸಿಗೆಗೆ ಪಿರೂಲ್. ಒಣಗಿದ ಪಿರೂಲ್ ಮೇಲೆ ಇಳಿಜಾರಿನಲ್ಲಿ ಕಾಲಿಟ್ಟರೆ ಎಣ್ಣೆ ಸುರಿದ ನೆಲದಂತೆ ಜಾರುತ್ತದೆ. ಬೇಸಿಗೆಯ ಕಾಡ್ಗಿಚ್ಚಿಗೆ ಹೊತ್ತಿಕೊಳ್ಳುವುದೂ ಮೊದಲು ಅದೇ. ಇದೇ ಟೋನ್ಸ್ ಕಾಡಿನಲ್ಲಿ, ತ್ಯೂನಿಯ ಕಡೆ, 60 ಮೀಟರಿಗೂ ಎತ್ತರದ ಒಂದು ಚೀಡ್ ಮರವಿತ್ತಂತೆ, ಏಷ್ಯಾದಲ್ಲೇ ಎತ್ತರದ್ದೆಂದು ಹೆಸರಾಗಿತ್ತು. 2007ರಲ್ಲಿ ಉರುಳಿತು. ಅದಕ್ಕೆ ಸಮಾಧಿ ಕಟ್ಟಿದ್ದಾರೆ ಎಂದು ಚಾಲಕ ಹೇಳಿದಾಗ ಅವನ ದನಿಯಲ್ಲಿ ಮನೆಯ ಹಿರಿಯರೊಬ್ಬರನ್ನು ನೆನೆಯುವ ಗೌರವವಿತ್ತು.

ಕಾಡು ಇಳಿದು ಟೋನ್ಸ್ ನದಿಯ ದಡದ ಪೇಟೆಗೆ ಬಂದೆವು. ಊರಿನ ಹೆಸರಿನ ಫಲಕವನ್ನು ಮಗಳು ಗಟ್ಟಿಯಾಗಿ ಓದಿದಳು: "ಮೋರಿ." ಮೂವರೂ ಸುಮ್ಮನಾದೆವು. ನಮ್ಮಲ್ಲಿ ಹೊಳೆಯೊಂದು ಮೋರಿಯಾಯಿತು. ಇಲ್ಲಿ ಮೋರಿ ಎಂಬ ಊರಿನ ಮಗ್ಗುಲಲ್ಲಿ ತಳದ ಕಲ್ಲು ಕಾಣುವ ಹಸಿರು ನೀರು ಭೋರ್ಗರೆಯುತ್ತಿತ್ತು. ಟೋನ್ಸ್ ಮುಂದೆ ಹೋಗಿ ಯಮುನೆಯನ್ನು ಸೇರುತ್ತದೆ. ಸೇರುವಲ್ಲಿ ಯಮುನೆಗಿಂತ ಹೆಚ್ಚು ನೀರು ಇದರಲ್ಲೇ ಇರುತ್ತದೆ.

ನಾನು ಚೀಲದಿಂದ ಬಾಟಲಿ ತೆಗೆದೆ. "ಇಲ್ಲಿ ಬೇಡ ದೀದಿ" ಎಂದ ಚಾಲಕ. "ಮೇಲೆ ಇಷ್ಟೊಂದು ಊರುಗಳಿವೆ. ನೇಟ್ವಾಡ್‌ನಲ್ಲಿ ನೋಡೋಣ."

ದಾರಿಯುದ್ದಕ್ಕೂ ನೇಟ್ವಾಡ್ ಮೋರಿ ಜಲವಿದ್ಯುತ್ ಯೋಜನೆಯ ಫಲಕಗಳು. 60 ಮೆಗಾವ್ಯಾಟ್. ನದಿಯ ನೀರನ್ನು ಒಂದಿಷ್ಟು ದೂರ ಸುರಂಗದೊಳಗೆ ಹಾಯಿಸಿ ವಿದ್ಯುತ್ ತೆಗೆಯುತ್ತಾರೆ. ನೇಟ್ವಾಡ್‌ನಲ್ಲಿ ರೂಪಿನ್ ಮತ್ತು ಸೂಪಿನ್ ಎಂಬ ಎರಡು ಹೊಳೆಗಳು ಸೇರಿ ಟೋನ್ಸ್ ಆಗುತ್ತವೆ. ಗೋವಿಂದ ಪಶು ವಿಹಾರ ರಾಷ್ಟ್ರೀಯ ಉದ್ಯಾನದ ತಪಾಸಣಾ ಠಾಣೆಯೂ ಇಲ್ಲೇ. ಗುರುತಿನ ಚೀಟಿಯ ಪ್ರತಿಗಳನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿದ್ದರಿಂದ ಬೇಗ ಮುಗಿಯಿತು. 1955ರಲ್ಲಿ ಅಭಯಾರಣ್ಯವೆಂದು ಘೋಷಣೆಯಾದ ಈ ಕಾಡಿಗೆ ಗೋವಿಂದ ವಲ್ಲಭ ಪಂತರ ಹೆಸರಿಟ್ಟಿದ್ದಾರೆ.

ನೇಟ್ವಾಡ್‌ನಲ್ಲಿ ಪೋಖೂ ದೇವರ ಗುಡಿಯಿದೆ. ನ್ಯಾಯದ ದೇವರು. ಈ ದೇವರಿಗೆ ಬೆನ್ನು ತಿರುಗಿಸಿ ನಿಂತು ಪೂಜೆ ಮಾಡುತ್ತಾರೆ, ನೇರವಾಗಿ ದೃಷ್ಟಿ ಇಡುವುದಿಲ್ಲ. ಅಣ್ಣ ಹಾಗೆಯೇ ಬೆನ್ನು ಹಾಕಿ ನಿಂತು ಬಹಳ ಹೊತ್ತು ಕೈಮುಗಿದ. ಏನು ಕೇಳಿಕೊಂಡನೋ ಹೇಳಲಿಲ್ಲ. ಪಕ್ಕದ ಚಹಾ ಅಂಗಡಿಯಲ್ಲಿ ಬಾಟಲಿಯ ವಿಷಯ ತೆಗೆದರೆ ಅಂಗಡಿಯಾತ ಸೂಪಿನ್ ಬಂದ ದಿಕ್ಕಿಗೆ ಗಲ್ಲ ಎತ್ತಿ ತೋರಿಸಿದ. "ಅಮ್ಮನಿಗೆ ಅಂತೀರಿ. ಇನ್ನೂ ಮೇಲಿನ ನೀರು ತೆಗೆದುಕೊಂಡು ಹೋಗಿ."

ಸಾಂಕ್ರಿ ತಲುಪಿದಾಗ ಕತ್ತಲು.

ಎರಡನೆಯ ದಿನ: ತಾಲುಕಾದಿಂದ ಓಸ್ಲಾ ಕಡೆಗೆ

ನಮ್ಮ ಮಾರ್ಗದರ್ಶಿ ಓಸ್ಲಾ ಊರಿನವನೇ, ಇಪ್ಪತ್ತನಾಲ್ಕರ ತರುಣ. ಸಾಂಕ್ರಿಯಿಂದ ತಾಲುಕಾದವರೆಗೆ ಸುಮಾರು 12 ಕಿಲೋಮೀಟರ್ ಜೀಪಿನ ದಾರಿ. ದಾರಿ ಎನ್ನುವುದಕ್ಕಿಂತ, ತೊರೆಗಳು ಜೀಪಿಗೆ ಬಿಟ್ಟುಕೊಟ್ಟ ಜಾಗ ಎನ್ನಬೇಕು. ಮೂರು ಕಡೆ ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ತಾಲುಕಾದಲ್ಲಿ ಇಳಿದು ಚೀಲ ಬೆನ್ನಿಗೇರಿಸಿದಾಗ ಮೂವರ ಮೊಬೈಲುಗಳೂ ಮೂಕವಾಗಿದ್ದವು. ಮನೆಗೆ ಹೇಳುವುದನ್ನೆಲ್ಲ ಸಾಂಕ್ರಿಯಲ್ಲೇ ಹೇಳಿ ಮುಗಿಸಿದ್ದು ಒಳ್ಳೆಯದಾಯಿತು.

ಇಲ್ಲಿಂದ ನಡಿಗೆ ಸೂಪಿನ್ ಜೊತೆಗೆ. ಸುಮಾರು 13 ಕಿಲೋಮೀಟರ್, ಒಮ್ಮೆ ನೀರಿನ ಮಟ್ಟಕ್ಕೆ ಇಳಿದು, ಒಮ್ಮೆ ಅದರ ಸದ್ದು ಮಾತ್ರ ಕೇಳುವಷ್ಟು ಮೇಲೇರಿ. ಅಕ್ರೋಟಿನ ಸುಗ್ಗಿ ನಡೆದಿತ್ತು. ಉದ್ದನೆಯ ಕೋಲಿನಿಂದ ಕೊಂಬೆ ಬಡಿಯುತ್ತಿದ್ದ ಹೆಂಗಸರ ಅಂಗೈಗಳು ಹಸಿ ಸಿಪ್ಪೆಯ ಬಣ್ಣ ಹತ್ತಿ ಕಪ್ಪಾಗಿದ್ದವು. ಒಬ್ಬಾಕೆ ಮಗಳ ಉಡಿಗೆ ಐದಾರು ಕಾಯಿ ಹಾಕಿ, ಅವಳ ಕೈಗೂ ಬಣ್ಣ ಹತ್ತಿದ್ದು ಕಂಡು, "ಇನ್ನು ನೀನು ನಮ್ಮವಳು. ವಾರದವರೆಗೆ ಹೋಗುವುದಿಲ್ಲ" ಎಂದರು. ಹೋಗಲೂ ಇಲ್ಲ, ಬೆಂಗಳೂರಿಗೆ ಬಂದ ಮೇಲೂ ಅವಳ ಬೆರಳ ಸಂದಿನಲ್ಲಿ ಆ ಕಪ್ಪು ಉಳಿದಿತ್ತು.

ಮಧ್ಯಾಹ್ನ ಅಣ್ಣನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಅಟ್ಟಿ ಪೂರ್ತಿ ಕಿತ್ತು ಹಿಮ್ಮಡಿಯಲ್ಲಿ ನೇತಾಡುತ್ತಿತ್ತು. ಏಳು ವರ್ಷ ಕಪಾಟಿನಲ್ಲಿಟ್ಟಿದ್ದ ಶೂ. ನೋಡಲು ಹೊಸದಾಗಿದ್ದರೂ ಒಳಗಿನ ಅಂಟು ಒಣಗಿರುತ್ತದೆ ಎಂದು ಮಾರ್ಗದರ್ಶಿ ಹೇಳಿದ. ಹಳೆಯ ಶೂ ಹಾಕಿಕೊಂಡು ಬರುವವರು ಊರಿನಲ್ಲೇ ನಾಲ್ಕು ದಿನ ಮೆಟ್ಟಿಲು ಹತ್ತಿ ಇಳಿದು ನೋಡಿಕೊಳ್ಳಬೇಕು. ಅವನು ದಾರಿಯ ಬದಿಯಲ್ಲಿ ಕುಳಿತು, ದಬ್ಬಳದಿಂದ ಅಟ್ಟಿಗೆ ತೂತು ಹೊಡೆದು, ಕುರಿಗೆ ಕಟ್ಟುವ ದಾರದಿಂದ ಬಿಗಿದ. ಕೈ ಕೆಲಸ ಮಾಡುತ್ತಿದ್ದಾಗಲೂ ಅವನ ಕಣ್ಣು ಆಕಾಶದ ಮೇಲಿತ್ತು. ನಾಳೆ ಮಳೆ ಎಂದ. ಆ ಹೊಲಿಗೆ ಪ್ರವಾಸ ಮುಗಿಯುವವರೆಗೂ ಬಿಡಲಿಲ್ಲ.

ಗಂಗಾಡ್ ಹಳ್ಳಿಯ ಹತ್ತಿರ ಒಂದು ಘರಾಟ್ ಕಂಡೆವು, ನೀರಿನ ಗಿರಣಿ. ತೊರೆಯ ನೀರನ್ನು ಮರದ ದೋಣಿಯಲ್ಲಿ ಕಡಿದಾಗಿ ಇಳಿಸಿ, ಅಡ್ಡಲಾಗಿ ಮಲಗಿದ ಚಕ್ರದ ರೆಕ್ಕೆಗಳ ಮೇಲೆ ಬೀಳಿಸುತ್ತಾರೆ. ಚಕ್ರದ ನಡುಗಂಬ ಮೇಲಿನ ಕೋಣೆಯ ಬೀಸುವ ಕಲ್ಲನ್ನು ತಿರುಗಿಸುತ್ತದೆ. ಕಾಳು ತುಂಬಿದ ಬುಟ್ಟಿಗೆ ಕಟ್ಟಿದ ಕಡ್ಡಿಯೊಂದು ತಿರುಗುವ ಕಲ್ಲಿಗೆ ತಗುಲಿ ಅಲುಗುತ್ತ, ಕಾಳನ್ನು ಚಿಟಿಕೆ ಚಿಟಿಕೆಯಾಗಿ ಬೀಳಿಸುತ್ತದೆ. ನೀರು ಹೆಚ್ಚಿ ಕಲ್ಲು ವೇಗವಾಗಿ ತಿರುಗಿದರೆ ಕಾಳೂ ಹೆಚ್ಚು ಬೀಳುತ್ತದೆ. ನೀರು ತನ್ನ ಕೆಲಸ ಮುಗಿಸಿ, ಬಂದಷ್ಟೇ ತಿಳಿಯಾಗಿ ಹೊಳೆಗೆ ಮರಳುತ್ತಿತ್ತು. ಅಲ್ಲಿ ಬಹಳ ಹೊತ್ತು ಕುಳಿತೆ. ಹೊಳೆಯಿಂದ ಪಡೆದು ಹೊಳೆಗೇ ಹಿಂದಿರುಗಿಸುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಇಲ್ಲಿ ತುಂಬಲೇ ಎಂದು ಕೇಳಿದೆ. ಮಾರ್ಗದರ್ಶಿ ತಲೆಯಾಡಿಸಿದ. "ಮೇಲೆ ನಮ್ಮ ಊರಿದೆ, ದೀದಿ. ದನ ಇವೆ, ಹೇಸರಗತ್ತೆಗಳಿವೆ." ಕುಡಿಯುವುದಕ್ಕೆ ನಾವು ಹೊಳೆಯ ನೀರು ಮುಟ್ಟಲಿಲ್ಲ. ಬಂಡೆಯಿಂದ ಒಸರುವ ಒರತೆಗಳನ್ನು ಅವನೇ ತೋರಿಸುತ್ತಿದ್ದ, ಅದನ್ನೂ ರಾತ್ರಿ ಕುದಿಸಿ ಬೆಳಿಗ್ಗೆಗೆ ತುಂಬಿಕೊಳ್ಳುತ್ತಿದ್ದೆವು.

ಮೂರನೆಯ ದಿನ: ಮಳೆ

ಅವನು ಹೇಳಿದಂತೆಯೇ ಆಯಿತು. ಬೆಳಗಿನ ಜಾವ ಶುರುವಾದ ಮಳೆ ನಿಲ್ಲಲಿಲ್ಲ. ಹೊರಡುವುದು ಬೇಡವೆಂದು ಅವನ ಮನೆಯಲ್ಲೇ ಉಳಿದೆವು. ಈ ಕಣಿವೆಗೆ ಬರುವವರು ಒಂದು ದಿನವನ್ನು ಕೈಯಲ್ಲಿ ಉಳಿಸಿಕೊಂಡೇ ಬರಬೇಕು. ಆ ಒಂದು ದಿನವಿಲ್ಲದ ತಂಡವೊಂದು ಮಳೆಯಲ್ಲೇ ಮೇಲೆ ಹೊರಟು, ಸಂಜೆಗೆ ನಡುಗುತ್ತ ಹಿಂದಿರುಗಿತು.

ಓಸ್ಲಾದ ಮನೆಗಳು ಮರದವು. ಕೆಳಗೆ ದನಕರು, ಮೇಲೆ ಜನ, ಚಾಚಿದ ಜಗುಲಿಯಲ್ಲಿ ಒಣಗಲು ಹಾಕಿದ ರಾಜ್ಮಾ ಮತ್ತು ಜೋಳದ ತೆನೆ. ಒಲೆಯ ಮುಂದೆ ಮನೆಯ ಅಜ್ಜ ಕುಳಿತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದರು. ಇಲ್ಲಿ ಗಂಡಸರು ನಡೆಯುತ್ತಲೂ ನೂಲುತ್ತಾರೆ, ಹರಟುತ್ತಲೂ ನೂಲುತ್ತಾರೆ.

ಮೂಲೆಯ ಡಬ್ಬಿಯಲ್ಲಿ ಕಂದು ಹಿಟ್ಟು ಕಂಡು ಅಣ್ಣ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಅವನ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. "ರಾಗಿ ಕಣೇ!" ಅವರು ಅದಕ್ಕೆ ಮಂಡುವಾ ಎನ್ನುತ್ತಾರೆ, ರೊಟ್ಟಿ ತಟ್ಟಿ ತುಪ್ಪದ ಜೊತೆ ತಿನ್ನುತ್ತಾರೆ. ಹಿಮಾಲಯದ ಹೊಲದಲ್ಲಿ ನಮ್ಮ ಕಾಳು ಬೆಳೆಯುತ್ತದೆ ಎಂದು ಓದಿದ್ದೆ. ಆದರೆ ಆ ಚಳಿಯಲ್ಲಿ, ಆ ಹೊಗೆಯಲ್ಲಿ, ಹುರಿದ ರಾಗಿಯ ವಾಸನೆ ಮೂಗಿಗೆ ಬಡಿದಾಗ ಓದಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸಿತು. ಅಣ್ಣ ಅಪ್ಪಣೆ ಕೇಳಿ ಒಲೆಯ ಮುಂದೆ ಕುಳಿತ. ಎಸರು ಕುದಿಸಿ, ಹಿಟ್ಟು ಸುರಿದು, ಸೌದೆಯ ರಾಶಿಯಿಂದ ಆರಿಸಿ ತೊಳೆದ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಮುದ್ದೆ ಕಟ್ಟಿದ. ಮನೆಯ ಸೊಸೆ ಅದನ್ನು ನೋಡಿ ನಕ್ಕರು. "ಇದು ಬಾಡಿ! ನಮ್ಮ ತವರಿನಲ್ಲಿ ಅಜ್ಜಿ ಮಾಡುತ್ತಿದ್ದರು." ಅವರ ತವರು ಗಢ್ವಾಲದ ಕೆಳಗಿನ ಸೀಮೆ. ಅಲ್ಲೂ ರಾಗಿ ಹಿಟ್ಟನ್ನು ಹೀಗೆಯೇ ಬಿಸಿನೀರಿನಲ್ಲಿ ತಿರುವಿ, ತೊಯ್ಯಿಸಿಕೊಳ್ಳಲು ಏನಾದರೊಂದು ರಸದ ಜೊತೆ ಉಣ್ಣುತ್ತಾರಂತೆ. ರಾಜ್ಮಾ ಕಟ್ಟಿನಲ್ಲಿ ಅದ್ದಿ ಎಲ್ಲರೂ ನುಂಗಿದೆವು. ಅಗಿಯಬಾರದು ಎಂದು ಅಣ್ಣ ಮಕ್ಕಳಿಗೆ ಹೇಳಿಕೊಟ್ಟ.

ಮಳೆ ಸಣ್ಣದಾದಾಗ ಅಜ್ಜ ನಮ್ಮನ್ನು ದೇವಸ್ಥಾನದ ಅಂಗಳಕ್ಕೆ ಕರೆದೊಯ್ದರು. ಅಣ್ಣ ಇದನ್ನೇ ಕಾದಿದ್ದ. ಊರ ಹಬ್ಬದ ಪೌರಾಣಿಕ ನಾಟಕದಲ್ಲಿ ಅವನು ಹನ್ನೆರಡು ವರ್ಷ ದುರ್ಯೋಧನನ ಪಾತ್ರ ಮಾಡಿದವನು. ಓಸ್ಲಾದಲ್ಲಿ ದುರ್ಯೋಧನನ ಗುಡಿಯಿದೆ ಎಂದು ಎಲ್ಲೋ ಓದಿ, ಆ ಒಂದು ಕಾರಣಕ್ಕೇ ಮಂಡಿನೋವು ಲೆಕ್ಕಿಸದೆ ಹೊರಟಿದ್ದ. ಕೇಳಿದಾಗ ಅಜ್ಜ ತಕಲಿ ನಿಲ್ಲಿಸಿದರು. "ಹೊರಗಿನವರು ಹಾಗೆ ಬರೆದು ಹೋದರು. ನಮ್ಮ ದೇವರು ಸೋಮೇಶ್ವರ. ಪಾಲಕಿಯಲ್ಲಿ ಊರೂರಿಗೆ ಹೋಗುತ್ತಾನೆ, ತಿರುಗಿ ಬರುತ್ತಾನೆ." ಅಣ್ಣ ಕ್ಷಮೆ ಕೇಳಿದ. ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟು, ನಿಮ್ಮ ನಾಟಕದಲ್ಲಿ ದುರ್ಯೋಧನ ಹೇಗೆ ನಡೆಯುತ್ತಾನೆ ತೋರಿಸು ಎಂದರು. ಒದ್ದೆ ಚಪ್ಪಡಿಯ ಮೇಲೆ, ಹೊಲಿದ ಶೂ ಹಾಕಿಕೊಂಡು, ನಡೆಯುವ ಕೋಲನ್ನೇ ಗದೆ ಮಾಡಿ ಅಣ್ಣ ನಡೆದು ತೋರಿಸಿ ಒಂದು ಕಂದ ಹಾಡಿದ. ಅರ್ಥವಾಗದಿದ್ದರೂ ಕಿಟಕಿಗಳೆಲ್ಲ ತೆರೆದುಕೊಂಡವು.

ನಾಲ್ಕನೆಯ ದಿನ: ಹರ್ ಕಿ ದೂನ್

ರಾತ್ರಿ ಮೇಲೆ ಹಿಮ ಬಿದ್ದಿತ್ತು. ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಊರು ದಾಟಿದರೆ ರಾಜಗಿರಿಯ ಹೊಲಗಳು, ಕಡುಗೆಂಪು. ಆ ಕೆಂಪಿನ ಹಿಂದೆ ಬಿಳಿಯ ಬೆಟ್ಟ. ಅಲ್ಲಿಂದ ಮುಂದೆ ಉಸಿರಿಗೆ ಕೆಲಸ. ಕಲ್ಕತ್ತಿಯಾಧಾರ್ ಏರಿನಲ್ಲಿ ಅಣ್ಣ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ನಾವೂ ನಿಲ್ಲುತ್ತಿದ್ದೆವು. ಅವಸರ ಮಾಡದಿದ್ದುದೇ ಅವನನ್ನು ಮೇಲೆ ತಲುಪಿಸಿತು. ಮಗಳು ದಾರಿಯುದ್ದಕ್ಕೂ ರೆಂಬೆ ಹಿಡಿದು ಎಣಿಸುತ್ತ ಬಂದಳು. ಈಗ ಎಲ್ಲ ಐದು. ಆಮೇಲೆ ಸೂಜಿ ಎಲೆಗಳೇ ಕಡಿಮೆಯಾಗಿ ಭೂರ್ಜ ಮರಗಳು ಬಂದವು, ಕಾಗದದಂತೆ ಸುಲಿಯುವ ತೊಗಟೆಯವು. ಚಳಿಗಾಲಕ್ಕೆ ಕೆಳಗಿಳಿಯುತ್ತಿದ್ದ ಕುರಿಮಂದೆಗೆ ದಾರಿ ಬಿಟ್ಟು ಬಂಡೆಗೆ ಬೆನ್ನೊತ್ತಿ ನಿಂತಾಗ ಒದ್ದೆ ಉಣ್ಣೆಯ ಬಿಸಿ ಮೈಗೆಲ್ಲ ತಾಗಿತು.

ಹರ್ ಕಿ ದೂನ್ 3,566 ಮೀಟರ್ ಎತ್ತರದಲ್ಲಿದೆ. ಎದುರಿಗೆ 6,252 ಮೀಟರಿನ ಸ್ವರ್ಗಾರೋಹಿಣಿ. ಧರ್ಮರಾಯ ನಾಯಿಯೊಂದಿಗೆ ನಡೆದುಹೋದ ದಾರಿ ಅದೇ ಎಂದು ಇಲ್ಲಿಯವರು ನಂಬುತ್ತಾರೆ. ಹೆಚ್ಚು ಹೊತ್ತು ಅದನ್ನು ನೋಡಲಾಗಲಿಲ್ಲ, ಹೊಸ ಹಿಮದ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಕಪ್ಪು ಕನ್ನಡಕವನ್ನು ಚೀಲದಲ್ಲಿ ಮರೆತು ಕೆಳಗೆ ಬಿಡಬಾರದು.

ಬಾಟಲಿ ತೆಗೆದುಕೊಂಡು ಹೊಳೆಗೆ ಇಳಿದೆ. ಇಳಿದವಳು ಅಲ್ಲೇ ನಿಂತೆ. ಗುಡಾರಗಳ ಹಿಂದಿನ ಕಲ್ಲುಗಳ ನಡುವೆ ಬಿಸ್ಕತ್ತಿನ ಹಾಳೆ, ಒದ್ದೆ ಕಾಗದ, ಖಾಲಿ ಶ್ಯಾಂಪೂ ಪೊಟ್ಟಣ. ನಮ್ಮಂತೆಯೇ ಆಸೆಪಟ್ಟು ಬಂದವರು ಬಿಟ್ಟುಹೋದದ್ದು. ಕೋಪ ಬಂತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಯಾವ ಹೊಳೆಯೂ ಒಂದೇ ದಿನದಲ್ಲಿ ಮೋರಿಯಾಗಿರಲಿಕ್ಕಿಲ್ಲ. ಮಗಳು ಮಾತಾಡದೆ ಚೀಲವೊಂದನ್ನು ಬಿಡಿಸಿದಳು. ಮಾರ್ಗದರ್ಶಿಯೂ ಬಗ್ಗಿದ. ನಾಲ್ವರೂ ಸೇರಿ ಆರಿಸಿದ್ದು ಎರಡು ಚೀಲ ತುಂಬಿತು, ಅದನ್ನು ಸಾಂಕ್ರಿಯವರೆಗೂ ಹೊತ್ತು ತಂದೆವು.

ಆಮೇಲೆ ಅವನೇ ಹೇಳಿದ, "ಬನ್ನಿ, ಇನ್ನೂ ಮೇಲೆ ಹೋಗೋಣ." ಮಾರಿಂದಾ ತಾಲ್ ಸರೋವರದ ಕಡೆಯಿಂದ ಇಳಿಯುವ ತೊರೆಯ ಗುಂಟ ಮುಕ್ಕಾಲು ಗಂಟೆ ನಡೆದೆವು. ಗುಡಾರವಿಲ್ಲ, ಹೇಸರಗತ್ತೆಯ ಗೊರಸಿಲ್ಲ. ಅಂಚಿನ ನೀರು ಗಾಜಿನ ಹಾಳೆಯಂತೆ ಹೆಪ್ಪುಗಟ್ಟಿತ್ತು. ಅದರ ಕೆಳಗೆ ನೀರು ಓಡುತ್ತಿರುವುದು ಕಾಣುತ್ತಿತ್ತು. ಅವನು ಕಲ್ಲಿನಿಂದ ಮೆಲ್ಲಗೆ ತಟ್ಟಿ ಕಿಂಡಿ ಮಾಡಿದ. ಅಂಗೈಯಗಲದ ಆ ಕಿಂಡಿಯನ್ನು ನೋಡಿ ಅಣ್ಣ, "ಚಿಲುಮೆ" ಎಂದ. ಬಾಟಲಿಯನ್ನು ಅವನ ಕೈಗೆ ಕೊಟ್ಟೆ. ಮೊಣಕೈವರೆಗೆ ಅದ್ದಿ, ಬೆರಳು ಕೆಂಪಾಗುವವರೆಗೆ ಹಿಡಿದು, ಕೊರಳವರೆಗೆ ತುಂಬಿಸಿದ.

ಐದು ಮತ್ತು ಆರನೆಯ ದಿನ: ಇಳಿಯುವಾಗ

ಇಳಿಯುವ ದಾರಿ ಬೇಗ ಸಾಗಿತು, ಮಂಡಿಗೆ ಮಾತ್ರ ಇಳಿಯುವುದೇ ಕಷ್ಟ. ಅಣ್ಣನಿಗೆ ಎರಡು ಕೋಲು ಬೇಕಾದವು. ಓಸ್ಲಾದ ಸೊಸೆ ಒಂದು ಸೇರಿನಷ್ಟು ಮಂಡುವಾ ಹಿಟ್ಟು ಕಟ್ಟಿಕೊಟ್ಟರು. ಹಣ ಮುಟ್ಟಲಿಲ್ಲ. ಅಜ್ಜ ಅಣ್ಣನನ್ನು ಹೆಸರು ಹಿಡಿಯದೆ "ರಾಜಾ" ಎಂದು ಕರೆದು ಬೀಳ್ಕೊಟ್ಟರು.

ನೇಟ್ವಾಡ್‌ನ ಸೇತುವೆಯ ಮೇಲೆ ಗಾಡಿ ನಿಲ್ಲಿಸಲು ಹೇಳಿದೆ. ಆರು ದಿನ ನಮ್ಮ ಜೊತೆಗಿದ್ದ ಸೂಪಿನ್ ಅಲ್ಲಿ ರೂಪಿನ್‌ಗೆ ಸೇರಿ ಹೆಸರು ಕಳೆದುಕೊಳ್ಳುತ್ತದೆ. ಮೋರಿ ದಾಟುವಾಗ ಯಾರೂ ಫಲಕವನ್ನು ಓದಲಿಲ್ಲ.

ಬಾಟಲಿಯನ್ನು ವಿಮಾನದಲ್ಲಿ ಕೈಚೀಲದಲ್ಲಿ ಇಟ್ಟುಕೊಳ್ಳಲಿಲ್ಲ. ಮುಚ್ಚಳಕ್ಕೆ ಪಟ್ಟಿ ಸುತ್ತಿ, ಬಟ್ಟೆಯ ನಡುವೆ ಇಟ್ಟು ದೊಡ್ಡ ಚೀಲದಲ್ಲಿ ಕಳಿಸಿದೆ. ಬೆಂಗಳೂರಿನಲ್ಲಿ ಇಳಿದಾಗ ರಾತ್ರಿ ಹತ್ತು. ವೃಷಭಾವತಿಯ ದಡದ ನಾಯಂಡಹಳ್ಳಿ ಹತ್ತಿರ ಬರುತ್ತಿದ್ದಂತೆ ಟ್ಯಾಕ್ಸಿಯ ಚಾಲಕ ಅಭ್ಯಾಸದಂತೆ ಗಾಜು ಏರಿಸಿದ.

ಅಮ್ಮ ಎದ್ದೇ ಇದ್ದರು. ಬಾಟಲಿಯನ್ನು ಬೆಳಕಿಗೆ ಹಿಡಿಯಲು ಸ್ಟೀಲ್ ಬಿಡುವುದಿಲ್ಲವಾದ್ದರಿಂದ ಗಾಜಿನ ಲೋಟಕ್ಕೆ ಸ್ವಲ್ಪ ಸುರಿದು ದೀಪದ ಕೆಳಗೆ ಹಿಡಿದು ನೋಡಿದರು. ಕುದಿಸಿ ಕೊಡುತ್ತೇನೆ ಇರು ಎಂದೆ. ಕೇಳಿಸಿಕೊಳ್ಳಲಿಲ್ಲ. ನಿಂತಲ್ಲೇ ನಿಧಾನವಾಗಿ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಚೆನ್ನಾಗಿದೆ" ಎಂದರು. "ದಾರಿಯಲ್ಲಿ ತಣುಪು ಹೋಗಿಬಿಟ್ಟಿದೆ, ಅಷ್ಟೇ."